ಬಾಯಿ ಹಾಕುವ ಮನುಷ್ಯನ ಮೂಗು

ಹೊಗಳಿಕೆ ಎಲ್ಲರಿಗೂ ಜೀರ್ಣವಾಗುವ ಪದಾರ್ಥವಲ್ಲ. ನಮ್ಮ ಸ್ಟೋರ್‌ಕೀಪರಿಗಂತೂ ಅದು ಸುತರಾಂ ಒಗ್ಗಲಿಲ್ಲ. ದೊಡ್ಡದೊಂದು ಸಂಶೋಧನಾ ಸಂಸ್ಥೆಯ ಸ್ಟೋರಿನಲ್ಲಿ ಕಾಗದದ ಕಟ್ಟು, ಗುಂಡುಪಿನ್ನು, ಫಿನಾಯಿಲ್ ಕಾಯ್ದುಕೊಂಡು ತೆಪ್ಪಗಿದ್ದ ಮನುಷ್ಯ. ಕುಡಿಯುವ ನೀರು ಎಲ್ಲಿ ಸಿಗುತ್ತೆ ಅಂತ ಬಂದಬಂದವರೆಲ್ಲ ತಮ್ಮ ಕಿಟಕಿಯಲ್ಲೇ ತಲೆ ತೂರಿಸಿ ಕೇಳುವುದಕ್ಕೆ ರೋಸಿಹೋಗಿ, ಒಂದು ದಿನ ರಟ್ಟಿನ ಮೇಲೆ ನಲ್ಲಿ, ಲೋಟ ಮತ್ತು ಬಾಣ ಬರೆದು ಗೋಡೆಗೆ ಅಂಟಿಸಿದರು. ಆ ದಾರಿಯಲ್ಲಿ ಹೊರಟಿದ್ದ ನಿರ್ದೇಶಕರು ನಿಂತು ನೋಡಿ, "ಪರವಾಗಿಲ್ವೇ, ನಲ್ಲಿ ನಲ್ಲಿ ಥರಾನೇ ಇದೆ!" ಅಂದುಬಿಟ್ಟರು.

ಮುಗೀತು. ಅವತ್ತಿನಿಂದ ಸ್ಟೋರ್‌ಕೀಪರ ಕಿವಿಯ ಮೇಲೆ ಒಂದು ಪೆನ್ಸಿಲ್ ಕೂತಿತು. ಮನೆಗೆ ಬಂದವರಿಗೆ ಕಾಫಿ ಸಿಗಬೇಕಾದರೆ ಮೊದಲು ನಲ್ಲಿಯ ಕಥೆ ಕೇಳಬೇಕಾಯಿತು. ಬೀದಿಯವರು ಅವರಿಗೆ ‘ಕಲಾವಿದರು’ ಅಂತ ಹೆಸರಿಟ್ಟರು. ಅದರೊಳಗಿನ ಕುಚೋದ್ಯ ಅವರಿಗೆ ತಟ್ಟಲಿಲ್ಲವಾದ್ದರಿಂದ ನಾವೂ ಹಾಗೇ ಕರೆಯೋಣ, ಅವರಿಗೂ ಖುಷಿ.

ಕಲಾವಿದರ ಮನೆಯಲ್ಲಿ ಮೂರು ಜನ. ಅವರು, ಅವರ ಹೆಂಡತಿ, ಹೆಂಡತಿಯ ತಂಗಿ ಪುಟ್ಟಿ. ಪುಟ್ಟಿ ಅಂದ ಕೂಡಲೇ ಎರಡು ಜಡೆಯ ಹುಡುಗಿಯನ್ನು ಕಲ್ಪಿಸಿಕೊಳ್ಳಬೇಡಿ. ನಲವತ್ತರ ಹತ್ತಿರದ, ಕನ್ನಡಕ ಹಾಕಿದ, ತನ್ನ ಚಪ್ಪಲಿಯನ್ನು ಯಾರಾದರೂ ಮೆಟ್ಟಿದರೆ ಸಿಡಿದೇಳುವ ಹೆಂಗಸು. ಹುಟ್ಟಿನಿಂದಲೇ ಅವಳ ಬುದ್ಧಿಯ ಬೆಳವಣಿಗೆ ನಿಧಾನ, ಓದು ಹತ್ತಲಿಲ್ಲ. ಬೆಳಿಗ್ಗೆ ತನ್ನಂಥವರ ಕೇಂದ್ರಕ್ಕೆ ಹೋಗಿ ಮೇಣದಬತ್ತಿ ಡಬ್ಬಿಗೆ ತುಂಬುತ್ತಾಳೆ, ಸಂಜೆ ಬಂದು ಅಕ್ಕನ ಜೊತೆ ಜಗಳವಾಡುತ್ತಾಳೆ. ಅವಳನ್ನು ಏನಾದರೂ ಕೇಳಿದರೆ ಸೂರು ನೋಡಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ಉತ್ತರ ಬರುತ್ತೆ. ಬಂದೇ ಬರುತ್ತೆ. ಆದರೆ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಆ ಜಾಗ ಖಾಲಿ ಬಿದ್ದಿರುವುದನ್ನು ನೋಡಿದರೆ ನಮ್ಮ ಕಲಾವಿದರಿಗೆ ತಡೆಯೋಕಾಗುವುದಿಲ್ಲ. ಬಸ್ಸಿನಲ್ಲಿ ಖಾಲಿ ಸೀಟು ಕಂಡವರ ಹಾಗೆ ಹಾರಿ ಕೂತುಬಿಡುತ್ತಾರೆ.

"ಪುಟ್ಟಿ, ಊಟ ಆಯ್ತಾ?" ಅಂತ ಪಕ್ಕದ ಮನೆಯವರು ಕೇಳಿದರೆ, "ಆಯ್ತು ಆಯ್ತು, ಎರಡನೇ ಸಲ ಅನ್ನ ಹಾಕಿಸ್ಕೊಂಡ್ಳು" ಅಂತ ಭಾವ. "ತಲೆನೋವು ಹೇಗಿದೆ?" ಅಂತ ವೈದ್ಯರು ಕೇಳಿದರೆ, "ಕಡಿಮೆ ಆಗಿದೆ ಡಾಕ್ಟ್ರೇ" ಅಂತ ಭಾವ. ತಲೆ ಪುಟ್ಟಿಯದು, ನೋವೂ ಪುಟ್ಟಿಯದೇ. ಕಡಿಮೆಯಾದದ್ದು ಮಾತ್ರ ಭಾವನ ಲೆಕ್ಕದಲ್ಲಿ. ಪ್ರೀತಿಗೇನೂ ಕೊರತೆಯಿಲ್ಲ, ಅದನ್ನು ಇಲ್ಲೇ ಹೇಳಿಬಿಡಬೇಕು. ಪ್ರೀತಿ ಇರುವ ಮನೆಯಲ್ಲೇ ಇಂಥ ಅನಾಹುತ ಜಾಸ್ತಿ.

ಈಗ ಆ ಮನೆಗೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಪೇಂಟರು ಒಂದು ಗೋಡೆಗೆ ಒಂದು ದಿನ, ಒಣಗುವುದನ್ನು ನೋಡುವುದಕ್ಕೆ ಎರಡು ದಿನ ತೆಗೆದುಕೊಳ್ಳುವ ನಿಷ್ಠಾವಂತ. ಅವನು ಬಣ್ಣದ ಚೌಕಗಳಿದ್ದ ಕಾರ್ಡನ್ನು ಪುಟ್ಟಿಯ ಕೈಗೆ ಕೊಟ್ಟು, "ನಿಮ್ಮ ರೂಮಿಗೆ ಯಾವುದು ಬೇಕಮ್ಮಾ?" ಅಂತ ಕೇಳಿದ. ಪುಟ್ಟಿಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳ ಮುಖ ಅರಳಿತು. ಕಾರ್ಡು ನೋಡಿದಳು, ಸೂರು ನೋಡಿದಳು.

"ಬೂದು ಬಣ್ಣ ಹೊಡಿಯಪ್ಪ," ಅಂದರು ಭಾವ. "ಕೊಳೆ ಕಾಣಲ್ಲ."

ಪುಟ್ಟಿ ಎದ್ದು ಹೋಗಿ ತನ್ನ ರೂಮಿಗೆ ಬೀಗ ಹಾಕಿ, ಕೀಲಿಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಮಲಗುವಾಗ ಬೀಗ ತೆಗೆಯುತ್ತಾಳೆ, ಬೆಳಿಗ್ಗೆ ಮತ್ತೆ ಹಾಕುತ್ತಾಳೆ. ಪೇಂಟರಿಗೆ ಪ್ರವೇಶವಿಲ್ಲ. ಅಕ್ಕ ಗದರಿದಳು, ಭಾವ ಪುಸಲಾಯಿಸಿದರು. ಪುಟ್ಟಿ ಕೀಲಿಕೈ ಕೊಡಲಿಲ್ಲ. "ಪಾಪ, ಬೂದು ಅವಳಿಗೆ ಹಿಡಿಸಿಲ್ಲ," ಅಂತ ಇಡೀ ಬೀದಿ ತೀರ್ಮಾನ ಮಾಡಿತು.

ಇದೇ ಸಮಯಕ್ಕೆ ಸಂಸ್ಥೆಯಲ್ಲಿ ಇನ್ನೊಂದು ಪ್ರಸಂಗ. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಸೂಜಿ ಚುಚ್ಚುವ ಡಾಕ್ಟರಲ್ಲ, ಪುಸ್ತಕ ಬರೆದು ಡಾಕ್ಟರಾದವರು. ಪುಟ್ಟಿಯ ಕೇಂದ್ರಕ್ಕೆ ಹೋಗಿ ಅಲ್ಲಿದ್ದವರನ್ನೆಲ್ಲ, ‘ನಿಮ್ಮ ಮನೇಲಿ ನಿಮ್ಮ ವಿಷಯ ಯಾರು ತೀರ್ಮಾನ ಮಾಡ್ತಾರೆ?’ ಅಂತ ಕೇಳಿ, ಇಟ್ಟಿಗೆ ದಪ್ಪದ ವರದಿ ಬರೆದಿದ್ದರು. ದೊಡ್ಡದೊಡ್ಡ ವಿದ್ವಾಂಸರು ಅದನ್ನು ಕೈಯಲ್ಲಿ ತೂಗಿ ನೋಡಿ ಭೇಷ್ ಅಂದಿದ್ದರು. ವರದಿ ಯಾರ ಕುರಿತು ಇತ್ತೋ ಅವರಿಗೆ ಮಾತ್ರ ಅದರ ಒಂದಕ್ಷರವೂ ದಕ್ಕಲಿಲ್ಲ. ಒಂದು ದಿನ ಪುಟ್ಟಿಯೇ ಡಾಕ್ಟರಮ್ಮನ ಕೈಚೀಲ ಹಿಡಿದು ನಿಲ್ಲಿಸಿ, "ನಮ್ಮನ್ನ ಕೇಳ್ಕೊಂಡು ಹೋದ್ರಲ್ಲ, ಏನಾಯ್ತು?" ಅಂದಳಂತೆ. ಡಾಕ್ಟರಮ್ಮ ಅವತ್ತು ರಾತ್ರಿ ಊಟ ಮಾಡಲಿಲ್ಲ ಅಂತ ಕೇಳಿದ್ದೇವೆ. ಬೆಳಿಗ್ಗೆ ನಿರ್ದೇಶಕರ ಕೋಣೆಗೆ ಹೋಗಿ, ವರದಿಯನ್ನು ಚಿತ್ರಗಳ ಕಥೆಪುಸ್ತಕ ಮಾಡಿ ಕೇಂದ್ರದವರಿಗೇ ವಾಪಸು ಕೊಡಬೇಕು ಅಂತ ಪಟ್ಟು ಹಿಡಿದರು.

"ಚಿತ್ರ ಬರೆಯೋರು ಯಾರು?" ಅಂದರು ನಿರ್ದೇಶಕರು. ಆಮೇಲೆ ಅವರಿಗೆ ನಲ್ಲಿ ನೆನಪಾಯಿತು.

ಕಲಾವಿದರು ಆ ದಿನ ಮನೆಗೆ ನಡೆದುಕೊಂಡು ಬರಲಿಲ್ಲ, ತೇಲಿಕೊಂಡು ಬಂದರು. ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರು: ಒಂದು ಚಿತ್ರಕ್ಕೆ ಒಂದೇ ವಿಷಯ. ಮೊದಲ ಪುಟದಲ್ಲಿ ಬಂದ ಮನುಷ್ಯ ಕೊನೆಯ ಪುಟದವರೆಗೂ ಹಾಗೇ ಕಾಣಬೇಕು, ಅಂಗಿ ಕೂಡ ಬದಲಾಗಬಾರದು. ಮುಖ ನೋಡಿದರೇ ಗೊತ್ತಾಗಬೇಕು ಅವನೇನು ಮಾಡ್ತಿದ್ದಾನೆ ಅಂತ. ಕಥೆಯಲ್ಲಿ ಇಬ್ಬರೇ. ಒಬ್ಬಳು ಹೆಂಗಸು; ಅವಳನ್ನು ಯಾರೋ ಏನೋ ಕೇಳುತ್ತಾರೆ. ಇನ್ನೊಬ್ಬ, ಅವಳು ಬಾಯಿ ತೆರೆಯುವ ಮೊದಲೇ ನಡುವೆ ಬಾಯಿ ಹಾಕುವ ಮನುಷ್ಯ. ವೈದ್ಯರ ಹತ್ತಿರ, ಅಂಗಡಿಯಲ್ಲಿ, ಮನೆಯಲ್ಲಿ, ಎಲ್ಲೆಲ್ಲೂ ಅವನೇ.

"ಅಬ್ಬಬ್ಬಾ, ಎಂಥೆಂಥ ಜನ ಇರ್ತಾರೆ ನೋಡು!" ಅಂದರು ಕಲಾವಿದರು ಹೆಂಡತಿಗೆ. "ಒಂದು ಜೀವಕ್ಕೆ ಮಾತಾಡೋಕೂ ಬಿಡಲ್ಲ ಅಂದ್ರೆ!"

ಹೆಂಡತಿ ಅವರ ಮುಖ ನೋಡಿ ಏನೋ ಹೇಳಹೊರಟಳು. "ನಂಗೊತ್ತು, ಕಾಫಿ ತಾನೇ, ತಗೊಂಡ್ಬಾ," ಅಂದರು ಕಲಾವಿದರು.

ಹೆಂಗಸಿನ ಚಿತ್ರ ಸಲೀಸಾಗಿ ಬಂತು, ಎದುರಿಗೇ ಪುಟ್ಟಿ ಇದ್ದಳು. ಕಷ್ಟವಾದದ್ದು ಆ ಮನುಷ್ಯ. ಅದರಲ್ಲೂ ಅವನ ಮೂಗು. ನಮ್ಮ ಕಲಾವಿದರ ಕೈಯಲ್ಲಿ ನಲ್ಲಿ ನಲ್ಲಿಯಾಗುತ್ತಿತ್ತು ನಿಜ, ಆದರೆ ಮೂಗೂ ನಲ್ಲಿಯೇ ಆಗುತ್ತಿತ್ತು. ಕೊನೆಗೆ ಗಡ್ಡ ಹೆರೆಯುವ ಕನ್ನಡಿಯನ್ನು ಕಿಟಕಿಗೆ ಒರಗಿಸಿ, ಕನ್ನಡಿಯಲ್ಲಿ ಕಂಡ ಮೂಗನ್ನೇ ನೋಡಿ ಬರೆದರು. ಮೂಗು ತಾನೇ, ಅದಕ್ಕೇನು ಹೆಸರು ಬರೆದಿರುತ್ತಾ ಅಂತ ಅವರ ಧೈರ್ಯ. ಮಿಕ್ಕದ್ದನ್ನು ಅಲ್ಲಲ್ಲಿಂದ ಕೂಡಿಹಾಕಿದರು. ಬಾಯಿ ಹಾಕುವುದರಲ್ಲಿ ಬೀದಿಗೇ ಮೊದಲಿಗರಾದ ರಿಟೈರ್ಡ್ ಹೆಡ್‌ಮಾಸ್ತರರ ದಪ್ಪ ಕನ್ನಡಕ, ಎದುರುಮನೆ ಟೈಲರನ ಹೊಟ್ಟೆ, ನಿರ್ದೇಶಕರ ಬೋಳುತಲೆ. ರಜೆಯ ದಿನ ಬೆಳಿಗ್ಗೆ, ಬಣ್ಣ ಹಚ್ಚಿದ ಹಾಳೆಗಳನ್ನು ಅಂಗಳದ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಧ್ಯಾಹ್ನದೊಳಗೆ ಹೆಡ್‌ಮಾಸ್ತರರು ಗೇಟು ತಳ್ಳಿಕೊಂಡು ಬಂದರು.

"ಏನ್ರೀ ಕಲಾವಿದರೇ, ನನ್ನ ಮರ್ಯಾದೇನ ಒದ್ದೆ ಬಟ್ಟೆ ಜೊತೆ ಹಗ್ಗಕ್ಕೆ ಹಾಕಿದ್ದೀರಲ್ಲ! ಆ ಕನ್ನಡಕ ಯಾರದು?"

"ಕನ್ನಡಕ ಎಲ್ಲರೂ ಹಾಕ್ತಾರಲ್ಲ ಸಾರ್, ಅದು..."

"ನಾನು ಮಾತಾಡೋವಾಗ ಬಾಯಿ ಹಾಕ್ಬೇಡಿ! ನಾನು ಯಾವತ್ತಾದ್ರೂ ಇನ್ನೊಬ್ಬರ ಮಾತಿಗೆ ಬಾಯಿ ಹಾಕಿದ್ದೀನಾ? ಹೇಳಮ್ಮ ಪುಟ್ಟಿ, ಹಾಕಿದ್ದೀನಾ? ಹಾಕಿಲ್ಲ. ನೋಡಿ, ಅವಳೇ ಹೇಳಿದ್ಲು!"

ಪುಟ್ಟಿ ಇನ್ನೂ ಸೂರು ನೋಡುತ್ತಿದ್ದಳು.

ಗಲಾಟೆ ಕೇಳಿ ಟೈಲರು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿಬಂದ. ಜಗಳ ಬಿಡಿಸೋಕೆ ಬಂದವನಿಗೆ ಹಗ್ಗದ ಮೇಲಿನ ಹೊಟ್ಟೆ ಕಂಡಿತು. ಚಿತ್ರಕ್ಕೆ ಹತ್ತಿರ ಹೋಗಿ ನಿಂತ, ದೂರ ಸರಿದು ನಿಂತ, ಕೊನೆಗೆ ವೃತ್ತಿಧರ್ಮ ಬಿಡದೆ ಟೇಪು ತೆಗೆದು ಅಳೆದೂ ನೋಡಿದ. "ಅಣ್ಣಾ, ಇದು ನನ್ನದೇ," ಅಂದ ಅಳುಮುಖ ಮಾಡಿ. "ಎಷ್ಟು ವರ್ಷದಿಂದ ನಿಮ್ಮ ಅಂಗಿ ಹೊಲಿದುಕೊಡ್ತಿದ್ದೀನಿ. ನನ್ನ ಹೊಟ್ಟೆ ಮೇಲೇ ಕಣ್ಣು ಹಾಕ್ಬಿಟ್ರಲ್ಲ!"

ಕಲಾವಿದರು ಕೈಮುಗಿದರು. ಕನ್ನಡಕ ಅಳಿಸಿದರು, ಹೊಟ್ಟೆ ಕರಗಿಸಿದರು. ಕನ್ನಡಕ ಹೋದ ಮೇಲೆ ಕಣ್ಣು ಬೇಕಲ್ಲ, ಕನ್ನಡಿ ನೋಡಿ ಕಣ್ಣು ಬರೆದರು. ಹೊಟ್ಟೆ ಹೋದ ಮೇಲೆ ಅಂಗಿ ಜೋತುಬಿತ್ತು. ತಮ್ಮ ಮೆಚ್ಚಿನ ಕಂದು ಚೌಕುಳಿ ಅಂಗಿಯನ್ನು ಗೂಟದಿಂದ ಇಳಿಸಿ ಎದುರಿಗಿಟ್ಟುಕೊಂಡು ಅದನ್ನೇ ಬರೆದರು.

ಹಾಳೆಗಳು ನಿರ್ದೇಶಕರ ಮೇಜಿಗೆ ಹೋದವು. ಅವರು ಒಂದೊಂದಾಗಿ ತಿರುವಿದರು. ಕೈ ತಂತಾನೇ ತಲೆಯ ಮೇಲೆ ಹೋಯಿತು.

"ಸಂಸ್ಥೆಯ ನಿಲುವು ಏನಂದ್ರೆ," ಅಂದರು ಗಂಟಲು ಸರಿಮಾಡಿಕೊಂಡು, "ಯಾರ ಮನಸ್ಸಿಗೂ ನೋವಾಗಬಾರದು. ಈ ಪಾತ್ರಕ್ಕೆ ಕೂದಲು ಬರಬೇಕು. ತುರ್ತಾಗಿ ಬರಬೇಕು."

"ಯಾವ ಥರದ ಕೂದಲು ಸಾರ್?"

"ನನಗೇನ್ರೀ ಗೊತ್ತು ಅದರ ವಿಷಯ? ಅನುಭವ ಇರೋರನ್ನ ಕೇಳಿ!"

ಕಲಾವಿದರು ಮನೆಗೆ ಬಂದು ಕನ್ನಡಿಯ ಮುಂದೆ ಕೂತು ಬಲಕ್ಕೆ ಬೈತಲೆ ತೆಗೆದ, ಹಿಂದೆ ಒಂದು ಜುಟ್ಟು ಮಾತ್ರ ಎಷ್ಟು ಎಣ್ಣೆ ಹಚ್ಚಿದರೂ ಎದ್ದು ನಿಲ್ಲುವ ಕೂದಲನ್ನು ಬರೆದರು. ಎಲ್ಲ ಹಾಳೆಗಳನ್ನೂ ಸಾಲಾಗಿ ಹರವಿ ಹಿಂದೆ ಸರಿದು ನೋಡಿದರು. ಮೂಗು, ಕಣ್ಣು, ಅಂಗಿ, ಜುಟ್ಟು. ಸಮಾಧಾನದ ನಿಟ್ಟುಸಿರು ಬಂತು.

"ಈಗ ನೋಡು," ಅಂದರು ಹೆಂಡತಿಯನ್ನು ಕರೆದು. "ಬೀದೀಲಿ ಒಬ್ಬನಿಗೂ ಹೋಲಲ್ಲ. ಯಾರೂ ಬೆರಳು ತೋರಿಸೋ ಹಾಗಿಲ್ಲ."

ಹೆಂಡತಿ ಚಿತ್ರ ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು. "ತುಂಬಾ ಚೆನ್ನಾಗಿ ಬಂದಿದೆ ಕಣ್ರೀ," ಅಂದವಳೇ ಕೆಮ್ಮು ಬಂದವಳ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಬಹಳ ಹೊತ್ತು ಪಾತ್ರೆ ಬೀಳುವ ಸದ್ದು ಬರುತ್ತಿತ್ತು.

ಹೀಗೂ ಉಂಟೇ, ತನ್ನ ಮುಖ ತನಗೇ ತಿಳಿಯದೇ ಅಂತ ನೀವು ಕೇಳಬಹುದು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಕಾಣುವುದು ಬರಿಯ ಗಾದೆಯಲ್ಲ, ಅದೊಂದು ಕಣ್ಣಿನ ಕಾಯಿಲೆ. ಕಲಾವಿದರು ಕನ್ನಡಿಯಲ್ಲಿ ಮೂಗು ನೋಡಿದ್ದರು, ಕಣ್ಣು ನೋಡಿದ್ದರು, ಜುಟ್ಟು ನೋಡಿದ್ದರು. ಇಡಿಯಾಗಿ ನೋಡಲು ಪುರುಸೊತ್ತಾಗಿರಲಿಲ್ಲ.

ಅಚ್ಚಿಗೆ ಹೋಗುವ ಮೊದಲು ಪರೀಕ್ಷೆ. ಡಾಕ್ಟರಮ್ಮನ ಕಟ್ಟುನಿಟ್ಟು ಏನಂದರೆ, ಪುಸ್ತಕ ಯಾರಿಗಾಗಿಯೋ ಅವರು ನೋಡಿ, ಅರ್ಥವಾಯಿತು ಅನ್ನಬೇಕು. ಕೇಂದ್ರದ ಮೇಣದಬತ್ತಿ ಕೋಣೆಯಲ್ಲಿ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಕುರ್ಚಿ ಹಾಕಿದರು. ಪುಟ್ಟಿ ಮತ್ತು ಅವಳ ಗೆಳೆಯರು ಮುಂದೆ, ನಿರ್ದೇಶಕರು ಗೋಡೆಗೆ ಒರಗಿ. ಕಲಾವಿದರು ಶುಭಕಾರ್ಯಕ್ಕೆ ಅಂತ ತಮ್ಮ ಅದೃಷ್ಟದ ಅಂಗಿ ಹಾಕಿಕೊಂಡು ಬಂದಿದ್ದರು. ಕಂದು ಚೌಕುಳಿಯದು.

ಡಾಕ್ಟರಮ್ಮ ಮೊದಲ ಹಾಳೆ ಎತ್ತಿ ಹಿಡಿದರು. ಎಲ್ಲರೂ ಹಾಳೆ ನೋಡಿದರು, ಆಮೇಲೆ ಕಲಾವಿದರನ್ನು ನೋಡಿದರು. ಎರಡನೆಯದು ಎತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಅಂದರು.

"ಪುಟ್ಟಿ," ಅಂದರು ಡಾಕ್ಟರಮ್ಮ, "ಇದರಲ್ಲಿ ಏನಾಗ್ತಿದೆ, ನೀವು ಹೇಳ್ತೀರಾ?"

ಪುಟ್ಟಿ ಸೂರು ನೋಡಿದಳು. ಕೋಣೆ ಕಾಯಿತು. ಒಂದು ಜೀವಕ್ಕೆ ಮಾತ್ರ ಕಾಯಲಾಗಲಿಲ್ಲ.

"ಅವಳಿಗೆ ಪೂರ್ತಿ ಅರ್ಥ ಆಗಿದೆ ಮೇಡಂ," ಅಂದರು ಕಲಾವಿದರು ಎದ್ದುನಿಂತು, ಬಲಗೈ ಎತ್ತಿ. "ಅವಳು ಏನು ಹೇಳ್ತಾಳೆ ಅಂದ್ರೆ..."

ಹಾಳೆಯಲ್ಲೂ ಅದೇ ಆಗುತ್ತಿತ್ತು. ಕೂತ ಹೆಂಗಸು, ಎತ್ತಿದ ಬಲಗೈ, ತೆರೆದ ಬಾಯಿ, ಎದ್ದು ನಿಂತ ಜುಟ್ಟು. ಪುಟ್ಟಿಯ ಗೆಳೆಯನೊಬ್ಬ, ಸದಾ ಹೆಗಲಿಗೆ ಚೀಲ ಹಾಕಿಕೊಂಡಿರುವುದರಿಂದ ಎಲ್ಲರೂ ಪೋಸ್ಟ್‌ಮ್ಯಾನ್ ಅಂತ ಕರೆಯುವವನು, ನಿಧಾನವಾಗಿ ಎದ್ದ. ಡಾಕ್ಟರಮ್ಮನ ಕೈಯಿಂದ ಹಾಳೆ ತೆಗೆದುಕೊಂಡ. ಹೋಗಿ ಕಲಾವಿದರ ಮುಖದ ಪಕ್ಕದಲ್ಲಿ ಹಿಡಿದ. ಸ್ವಲ್ಪ ಓರೆಯಾಗಿತ್ತು, ಸರಿಮಾಡಿದ.

ಆ ಕೋಣೆಯಲ್ಲಿ ಎದ್ದ ನಗೆಗೆ ಮೇಣದಬತ್ತಿಯ ಡಬ್ಬಿಗಳು ಉರುಳಿಬಿದ್ದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮಮ್ಮನೂ ಹೀಗೇ!" ಅಂದಳೊಬ್ಬಳು. "ನಮ್ಮಣ್ಣ! ನಮ್ಮಣ್ಣ!" ಅಂತ ಇನ್ನೊಬ್ಬ ಕುರ್ಚಿ ತಟ್ಟಿದ. ಆ ಗದ್ದಲ ಇಳಿಯುವ ಹೊತ್ತಿಗೆ ಪುಟ್ಟಿಯ ಉತ್ತರ ಸಿದ್ಧವಾಗಿತ್ತು.

"ಇದು ನಮ್ಮ ಭಾವ," ಅಂದಳು. "ನನ್ನನ್ನ ಕೇಳ್ತಾರೆ. ಭಾವ ಹೇಳ್ತಾರೆ. ನಾನೂ ಹೇಳ್ತೀನಿ. ಅಷ್ಟೊತ್ತಿಗೆ ಕೇಳಿದವರು ಹೊರಟುಹೋಗಿರ್ತಾರೆ."

ಆಗ ಯಾರೂ ನಗಲಿಲ್ಲ. ಕಲಾವಿದರು ಎತ್ತಿದ ಕೈ ಇಳಿಸುವುದನ್ನೂ ಮರೆತು ಹಾಳೆ ನೋಡಿದರು. ಮೊದಲು ಮೂಗು, ಆಮೇಲೆ ಕಣ್ಣು, ಆಮೇಲೆ ಅಂಗಿ, ಆಮೇಲೆ ಎಲ್ಲ ಒಟ್ಟಿಗೆ. ಕಿವಿಯ ಮೇಲಿನ ಪೆನ್ಸಿಲ್ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಅವರಿಗೆ ನಿಜವಾಗಿಯೂ ಅಳು ಬಂದಿತ್ತು, ಅದನ್ನು ಮುಚ್ಚಿಡುವುದಕ್ಕೆ ಸೀನಿದರು.

"ಅದ್ಭುತ!" ಅಂದರು ನಿರ್ದೇಶಕರು, ತಲೆ ಸವರಿಕೊಂಡು. "ಸಂಶೋಧನೆ ಜನರಿಗೆ ನೂರಕ್ಕೆ ನೂರು ತಲುಪಿದೆ. ಪಾತ್ರದಲ್ಲಿ ಒಂದು ಕೂದಲೂ ಬದಲಾಯಿಸಬೇಡಿ." ಸಾವಿರ ಪ್ರತಿ ಅಚ್ಚಾದವು. ಹೆಡ್‌ಮಾಸ್ತರರು ಒಂದು ಕಟ್ಟು ತಾವೇ ಹೊತ್ತು ತಂದು, ಕನ್ನಡಕ ಹಾಕಿಕೊಂಡು, ಬೀದಿಯ ಮನೆಮನೆಗೆ ಹಂಚಿದರು. ಸಮಾಜಸೇವೆಯಲ್ಲಿ ಅವರಿಗೆ ಅಷ್ಟು ಉತ್ಸಾಹವಿದೆ ಅಂತ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಮನುಷ್ಯ ತಪ್ಪು ತಿಳಿದುಕೊಂಡ ಮೇಲೆ ಇನ್ನೂ ಅಪಾಯಕಾರಿಯಾಗುತ್ತಾನೆ, ತಿದ್ದಿಕೊಳ್ಳಲು ಹೊರಡುತ್ತಾನೆ ನೋಡಿ. ಕಲಾವಿದರು ಪರೀಕ್ಷೆಯ ಮರುದಿನವೇ ಬಣ್ಣದಂಗಡಿಗೆ ಓಡಿದರು. ಮುಚ್ಚಳವನ್ನೇ ತೆರೆಯದಿದ್ದ ಬೂದು ಬಣ್ಣದ ಡಬ್ಬಿ ವಾಪಸು ಕೊಟ್ಟರು. ಅಂಗಡಿಯವನ ಕೈಕಾಲು ಹಿಡಿದು, ಬದಲಿಗೆ ಅರಿಶಿನದಷ್ಟು ಗಾಢವಾದ ಹಳದಿಯನ್ನು ಕಲಸಿಸಿಕೊಂಡು ಬಂದರು. ಪುಟ್ಟಿಯ ಛತ್ರಿ ಹಳದಿ, ಚೀಲ ಹಳದಿ. ಅವಳಿಗೆ ಹಳದಿ ಬಿಟ್ಟು ಇನ್ನೇನು ಬೇಕಿರುತ್ತೆ! ಆ ಛತ್ರಿಯನ್ನೂ ಚೀಲವನ್ನೂ ಆರಿಸಿ ತಂದವರು ತಾವೇ ಅನ್ನುವುದು ಅವರಿಗೆ ನೆನಪಾಗಲಿಲ್ಲ.

ಸುದ್ದಿ ತಿಳಿದು ಹೆಡ್‌ಮಾಸ್ತರರು ಬಂದರು, ಟೈಲರು ಬಂದ. ಪೇಂಟರು ಬ್ರಷ್ಷು ಹಿಡಿದು ಬೀಗ ಹಾಕಿದ ಬಾಗಿಲ ಮುಂದೆ ನಿಂತ. ಕಲಾವಿದರು ಡಬ್ಬಿಯ ಮುಚ್ಚಳ ತೆಗೆದು, "ಪುಟ್ಟಿ, ನೋಡು, ನಿನಗೆ ಇಷ್ಟ ಅಂತ..." ಅಂದವರು ಹೆಂಡತಿಯ ಕಣ್ಣು ಕಂಡು ನಾಲಿಗೆ ಕಚ್ಚಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಕೇಳಿದರು.

"ಪುಟ್ಟಿ, ನಿನ್ನ ರೂಮಿಗೆ ಯಾವ ಬಣ್ಣ ಬೇಕು?"

ಪುಟ್ಟಿ ಮಡಿಸಿಟ್ಟಿದ್ದ ಬಣ್ಣದ ಕಾರ್ಡನ್ನು ಹೊರತೆಗೆದಳು. ಕಾರ್ಡು ನೋಡಿದಳು. ಸೂರು ನೋಡಿದಳು.

ಆ ಹೊತ್ತು ಎಷ್ಟು ದೊಡ್ಡದು ಅಂತ ಕಲಾವಿದರಿಗೆ ಅವತ್ತು ತಿಳಿಯಿತು. ಅವರ ಬಾಯಿ ಎರಡು ಸಲ ತಾನಾಗಿ ತೆರೆಯಿತು, ಎರಡು ಸಲವೂ ಹೆಂಡತಿ ತೋಳು ಚಿವುಟಿದಳು. ಹೆಡ್‌ಮಾಸ್ತರರು "ನನ್ನ ಅಭಿಪ್ರಾಯದಲ್ಲಿ ಹಳ..." ಅಂದರು; ಟೈಲರು ಟೇಪಿನ ಸಮೇತ ಅವರ ಬಾಯಿ ಮುಚ್ಚಿದ. ಪೇಂಟರಿಗೆ ಮಾತ್ರ ಯಾವ ಕಷ್ಟವೂ ಇರಲಿಲ್ಲ, ಒಣಗುವುದನ್ನು ನೋಡಿ ಅಭ್ಯಾಸವಿದ್ದವನು. ಪುಟ್ಟಿ ಅವಸರ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಕೊನೆಗೆ ಕಾರ್ಡಿನ ಒಂದು ಚೌಕದ ಮೇಲೆ ಬೆರಳಿಟ್ಟಳು.

"ಬೂದು," ಅಂದಳು.

"ಅಯ್ಯಯ್ಯೋ!" ಅಂತ ಕಲಾವಿದರು ತಲೆಯ ಮೇಲೆ ಕೈ ಹೊತ್ತರು. "ಮೊದಲನೇ ದಿನ ನಾನು ಅದನ್ನೇ ತಾನೇ ಹೇಳಿದ್ದು! ಅದಕ್ಕೆ ಯಾಕೆ ಬೀಗ ಹಾಕ್ಕೊಂಡೆ?"

"ಅದು ನೀವು ಹೇಳಿದ್ದು ಭಾವ," ಅಂದಳು ಪುಟ್ಟಿ. "ಇದು ನಾನು ಹೇಳಿದ್ದು."

ಕೊರಳಿನ ದಾರ ತೆಗೆದು, ಬೀಗ ತೆರೆದು, ಕೀಲಿಕೈಯನ್ನು ಮೊಳೆಗೆ ತೂಗುಹಾಕಿದಳು. ಪೇಂಟರು ತೆರೆದ ಡಬ್ಬಿಯೊಳಗೆ ಇಣುಕಿ ತಲೆ ಕೆರೆದುಕೊಂಡ.

"ಈ ಹಳದಿ ಏನ್ಮಾಡೋಣ ಅಮ್ಮಾ? ಕಲಸಿದ್ದನ್ನ ಅಂಗಡಿಯವನು ವಾಪಸ್ ತಗೊಳ್ಳಲ್ಲ."

ಕೇಳಿದ್ದು ಪುಟ್ಟಿಯನ್ನು. ಈ ಸಲ ಅವಳು ಸೂರು ನೋಡಲೇ ಇಲ್ಲ.

"ಭಾವನ ರೂಮಿಗೆ ಹೊಡೀರಿ," ಅಂದಳು.

ಕಲಾವಿದರು ಬಲಗೈ ಎತ್ತಿ ಬಾಯಿ ತೆರೆದರು. ಅಷ್ಟರಲ್ಲಿ ಪೇಂಟರು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಿದ್ದ. ಅವರನ್ನು ಯಾರೂ ಕೇಳಲಿಲ್ಲ.